ಚಂದ್ರ ನುಂಗಿದ ಬೆಳಕು

ಕೇಳುಗರಿಗೆ ನಮಸ್ಕಾರ.

ಹೊಲದ ಕೆಂಪು ಮಣ್ಣನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ. ಅದು ಯಾಕೆ ಕೆಂಪು? ಅದರಲ್ಲಿರುವ ಕಬ್ಬಿಣದ ತುಕ್ಕು ಬಿಸಿಲಿನ ನೀಲಿ ಬೆಳಕನ್ನು ನುಂಗಿಬಿಡುತ್ತದೆ. ಉಳಿದ ಕೆಂಪು ನಿಮ್ಮ ಕಣ್ಣಿಗೆ ಬರುತ್ತದೆ. ನನ್ನ ಕೆಲಸವೂ ಇದೇ. ಚಂದ್ರನ ಕಲ್ಲು ಯಾವ ಬೆಳಕನ್ನು ನುಂಗಿದೆ ಅಂತ ಹುಡುಕುತ್ತೇನೆ. ನುಂಗಿದ ಬೆಳಕು ಗೊತ್ತಾದರೆ ಖನಿಜ ಗೊತ್ತಾಯಿತು.

ಕಣ್ಣಿಗೆ ಕಾಣದ ಬೆಳಕೂ ಇದೆ, ಇನ್‌ಫ್ರಾರೆಡ್. ಬೆಳಕಿನ ಅಲೆಯ ಉದ್ದವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತೇವೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಪೈರಾಕ್ಸೀನ್ ಎಂಬ ಖನಿಜ ಇನ್‌ಫ್ರಾರೆಡ್‌ನಲ್ಲಿ 1 ಮೈಕ್ರಾನ್ ಹತ್ತಿರ ಒಂದು ತುತ್ತು, 2 ಮೈಕ್ರಾನ್ ಹತ್ತಿರ ಇನ್ನೊಂದು ತುತ್ತು ತೆಗೆದುಕೊಳ್ಳುತ್ತದೆ. ಆಲಿವೀನ್ ಎಂಬ ಇನ್ನೊಂದು ಖನಿಜಕ್ಕೆ 1ರ ಹತ್ತಿರದ್ದು ಮಾತ್ರ ಸಾಕು. ನೂರು ಕಿಲೋಮೀಟರ್ ಮೇಲಿಂದಲೇ ಎರಡನ್ನೂ ಬೇರೆ ಮಾಡಬಹುದು!

2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟಿತು. ಅದರಲ್ಲಿ ಇಂಥ ಬೆಳಕನ್ನು ಅಳೆಯುವ, ನಾಸಾದ ಎಂ3 ಎಂಬ ಉಪಕರಣವಿತ್ತು. ಬ್ರೌನ್ ವಿಶ್ವವಿದ್ಯಾಲಯದ ಕಾರ್ಲೆ ಪೀಟರ್ಸ್ ಅದರ ಮುಖ್ಯಸ್ಥೆ. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ದೊಡ್ಡ ಆಂಟೆನಾ ಇದೆಯಲ್ಲ, 32 ಮೀಟರ್ ಅಗಲದ್ದು, ಚಂದ್ರಯಾನದ ಜೊತೆ ಮಾತಾಡಲೆಂದೇ ಕಟ್ಟಿದ್ದು. ಎಂ3ರಿಂದ ಬಂದ ಮಾಹಿತಿಯನ್ನು ನಕ್ಷೆಯಲ್ಲಿ ಗೆರೆಯಾಗಿ ಎಳೆದಾಗ 3 ಮೈಕ್ರಾನ್ ಹತ್ತಿರ ಒಂದು ತಗ್ಗು ಕಂಡಿತು, ಅಂದರೆ ಅಲ್ಲಿ ಬೆಳಕು ಕಡಿಮೆ. ಅಲ್ಲಿ ಬೆಳಕು ನುಂಗುವುದು ನೀರು. ಆದರೆ ಚಂದ್ರ ಒಣ ಮೂಳೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಅಪೊಲೊ ಯಾತ್ರಿಗಳು ತಂದ 382 ಕಿಲೋ ಕಲ್ಲು ಮಣ್ಣು ನೋಡಿಯೂ ಹಾಗೇ ಅಂದಿದ್ದರು. ತಂಡ ಮೊದಲು ಉಪಕರಣದ ಮೇಲೇ ಅನುಮಾನ ಪಟ್ಟಿತು. ತಿಂಗಳುಗಟ್ಟಲೆ ತಪ್ಪು ಹುಡುಕಿದರು. ಸಿಗಲಿಲ್ಲ. ಕಸ್ಸಿನಿ ನೌಕೆ 1999ರಲ್ಲಿ ಶನಿಯ ಕಡೆ ಹೋಗುವಾಗ ಚಂದ್ರನನ್ನು ನೋಡಿತ್ತು, ಆ ಹಳೇ ಮಾಹಿತಿ ತೆಗೆಸಿದರು. ಅಲ್ಲೂ ಅದೇ ತಗ್ಗು. 2009ರ ಜೂನ್‌ನಲ್ಲಿ ಡೀಪ್ ಇಂಪ್ಯಾಕ್ಟ್ ನೌಕೆ ನೋಡಿತು. ಮತ್ತೆ ಅದೇ! ಸೆಪ್ಟೆಂಬರ್‌ನಲ್ಲಿ ಜಗತ್ತಿಗೆ ಹೇಳಿದರು. ಅಷ್ಟರಲ್ಲಿ ಚಂದ್ರಯಾನ-1 ಮೌನವಾಗಿತ್ತು. ಆಗಸ್ಟ್ 29ಕ್ಕೇ ಸಂಪರ್ಕ ಕಡಿದುಹೋಗಿತ್ತು.

ಕೆರೆ, ಬಾವಿ ಅಂದುಕೊಳ್ಳಬೇಡಿ. ಕಲ್ಲಿನ ಪುಡಿಗೆ ಅಂಟಿಕೊಂಡ ನೀರಿನ ಅಂಶ ಅದು. ಸಭೆಗಳಿಗೆ ಹೋದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಚಂದ್ರನಲ್ಲಿ ಚಿನ್ನ ಇದೆಯಾ ಅಂತ. ದಯವಿಟ್ಟು ಚಿನ್ನ ಬಿಡಿ, ನೀರು ಕೇಳಿ. ಅಲ್ಲಿ ಮನುಷ್ಯ ಉಳಿಯಬೇಕಾದರೆ ಬೇಕಾಗುವುದು ಅದೇ ಅಲ್ವಾ?

ಸಮಯ ಮುಗಿಯುತ್ತಾ ಬಂತು. ಒಂದು ಮಾತು ಬಾಕಿ ಇದೆ. ಎಂ3 ನೋಡುತ್ತಿದ್ದದ್ದು 3 ಮೈಕ್ರಾನ್‌ವರೆಗೆ ಮಾತ್ರ. ಗೆರೆ ತಗ್ಗಿಗೆ ಇಳಿಯುವುದು ಕಾಣುತ್ತಿತ್ತು, ಆಚೆ ದಡ ಹತ್ತುವುದು ಕಾಣುತ್ತಿರಲಿಲ್ಲ. 2019ರಲ್ಲಿ ಹೋದ ಚಂದ್ರಯಾನ-2ರ ಉಪಕರಣ 5 ಮೈಕ್ರಾನ್‌ವರೆಗೆ ನೋಡುತ್ತದೆ. ಈಗ ನಮ್ಮ ಪರದೆಯ ಮೇಲೆ ಆ ತಗ್ಗಿಗೆ ಎರಡೂ ದಡ ಇದೆ.

ನಮಸ್ಕಾರ.