ಕಾಕ್‌ಪಿಟ್‌ನ ತೇಗ: ಅರ್ಧ ಕೆಲಸ ಹಲಗೆಯ ಕೆಳಗಿದೆ

ಕೇಳುಗರಿಗೆ ನಮಸ್ಕಾರ. ಹಾಯಿದೋಣಿಯಲ್ಲಿ ಅತಿ ಹೆಚ್ಚು ತುಳಿತಕ್ಕೆ ಸಿಕ್ಕುವ ಜಾಗ ಕಾಕ್‌ಪಿಟ್. ಚುಕ್ಕಾಣಿ ಹಿಡಿಯುವುದು, ಹಗ್ಗ ಎಳೆಯುವುದು, ಕೂರುವುದು ಎಲ್ಲ ಅಲ್ಲಿಯೇ. ಆಸನಗಳ ಮೇಲೆ ಹಾಸಿದ ತೇಗದ ಪಟ್ಟಿಗಳನ್ನು ಬಿಸಿಲು ಒಣಗಿಸುತ್ತದೆ. ಬಿರುಸಾದ ಬ್ರಷ್ ಸವೆಸಿಬಿಡುತ್ತದೆ. ಆ ತೇಗವನ್ನು ಬದಲಿಸುವ, ಸುತ್ತಲಿನ ಫೈಬರ್‌ಗ್ಲಾಸ್ ಮೈಯನ್ನು ಸರಿಪಡಿಸುವ ಬಗೆಯನ್ನು ಇಂದು ನೋಡೋಣ.

ಬದಲಿಸಲೇಬೇಕೇ ಎಂಬುದು ಮೊದಲ ಪ್ರಶ್ನೆ. ಸಂದುಗಳ ಕಪ್ಪು ರಬ್ಬರು ಮರಕ್ಕಿಂತ ಮೇಲೆದ್ದು ನಿಂತಿದ್ದರೆ ಮರ ಸವೆದಿದೆ. ಪಟ್ಟಿ ಇನ್ನೂ 8 ಮಿ.ಮೀ. ದಪ್ಪವಿದ್ದರೆ ಸಂದುಗಳನ್ನು ಹೊಸದಾಗಿ ತುಂಬಿದರೆ ಸಾಕು. 5 ಮಿ.ಮೀ.ಗೂ ಇಳಿದು, ಸ್ಕ್ರೂ ತಲೆಗಳನ್ನು ಮುಚ್ಚಿದ್ದ ಮರದ ಬಿರಡೆಗಳು ಉದುರುತ್ತಿದ್ದರೆ ಸಂದನ್ನು ಆಳ ಮಾಡಲು ಮರವೇ ಉಳಿದಿರುವುದಿಲ್ಲ. ಆಗ ತೆಗೆಯುವುದೇ ಸರಿ.

ಕೀಳುವ ಮುನ್ನ ಅಂಚು, ಸಂದು, ತಿರುವುಗಳನ್ನೆಲ್ಲ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಗುರುತು ಮಾಡಿಕೊಳ್ಳಿ. ಕಾಗದ ತೇವಕ್ಕೆ ಹಿಗ್ಗಿ ಅಳತೆ ಕೆಡಿಸುತ್ತದೆ. ಆಮೇಲೆ ಸಂದುಗಳನ್ನು ಕೊಯ್ದು, ಸ್ಕ್ರೂ ಬಿಚ್ಚಿ, ಅಗಲವಾದ ಉಳಿಯನ್ನು ಆದಷ್ಟು ಮಲಗಿಸಿ ಹಿಡಿದು ಪಟ್ಟಿಗಳನ್ನು ಎಬ್ಬಿಸಿ. ಉಳಿಯನ್ನು ನೆಟ್ಟಗೆ ಹಿಡಿದರೆ ಫೈಬರ್‌ಗ್ಲಾಸ್ ಕಿತ್ತುಬರುತ್ತದೆ.

ಈಗ ಬರುವುದು ಅನೇಕರು ಅವಸರ ಮಾಡುವ ಹಂತ. ಬಹಳ ದೋಣಿಗಳಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರ ಇಲ್ಲವೇ ಪ್ಲೈವುಡ್ ಇರುತ್ತದೆ. ಹಳೆಯ ಸ್ಕ್ರೂಗಳ ಒಂದೊಂದು ತೂತೂ ಅದರೊಳಕ್ಕೆ ನೀರಿನ ದಾರಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ: ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೆರಡು ತೂತುಗಳಲ್ಲಿ ಬೈರಿಗೆ ಆಡಿಸಿ ಪುಡಿ ನೋಡಿ. ಒಣಗಿ ತಿಳಿಬಣ್ಣವಿದ್ದರೆ ಕ್ಷೇಮ. ಕಪ್ಪಾಗಿ ಒದ್ದೆಯಾಗಿದ್ದರೆ ಅಷ್ಟು ಭಾಗದ ಮೇಲ್ಪದರ ಕತ್ತರಿಸಿ, ಕೊಳೆತ ಮರ ತೆಗೆದು ಹೊಸದು ಕೂರಿಸಲೇಬೇಕು. ಒದ್ದೆಯನ್ನು ಒಳಗಿಟ್ಟು ಮೇಲೆ ಮುಚ್ಚಿದರೆ ಕೊಳೆತ ಹಬ್ಬುತ್ತಲೇ ಹೋಗುತ್ತದೆ, ಹೊಸ ತೇಗ ಕಣ್ಣಿಗೆ ಅದನ್ನು ಮರೆಮಾಡುತ್ತದೆ, ಅಷ್ಟೆ. ಒಣಗಿರುವ ತೂತುಗಳನ್ನು ಕೊಂಚ ಅಗಲಿಸಿ, ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ (ಎರಡು ದ್ರವಗಳನ್ನು ಕಲಸಿದಾಗ ಗಟ್ಟಿಯಾಗುವ ಅಂಟು) ತುಂಬಿ, 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ತಳವನ್ನು ಸಮ ಮಾಡಿ.

ಹೊಸ ಪಟ್ಟಿಗಳು ಸುಮಾರು 45 ಮಿ.ಮೀ. ಅಗಲ, 8ರಿಂದ 10 ಮಿ.ಮೀ. ದಪ್ಪ ಇರಲಿ. ಕೊನೆಯ ತುದಿಯಲ್ಲಿ ನೋಡಿದರೆ ವರ್ಷದ ಉಂಗುರಗಳು ನೆಟ್ಟಗೆ ನಿಂತಂತೆ ಕಾಣಬೇಕು. ಅಂಥ ಮರ ಕಡಿಮೆ ಹಿಗ್ಗುತ್ತದೆ, ಒಂದೇ ಸಮ ಸವೆಯುತ್ತದೆ. ಮೊದಲು ಎಲ್ಲವನ್ನೂ ಒಣಗಾಗಿಯೇ ಜೋಡಿಸಿ, ನಂಬರು ಹಾಕಿಡಿ. ತೇಗದಲ್ಲಿ ಸಹಜವಾದ ಎಣ್ಣೆಯಂಶವಿದೆ. ಅಂಟಿಸುವ ತುಸು ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಅಂಟು ಬಿಟ್ಟುಕೊಳ್ಳುತ್ತದೆ. ಎಪಾಕ್ಸಿಯನ್ನು ಅಗಲವಾದ ತಟ್ಟೆಯಲ್ಲಿ ಕಲಸಿ, ಆಳದ ಡಬ್ಬಿಯಲ್ಲಿ ಅದು ತನ್ನ ಕಾವಿಗೇ ಬೇಗ ಗಟ್ಟಿಯಾಗುತ್ತದೆ. ಹಲ್ಲಿರುವ ಕರಣೆಯಿಂದ ತಳಕ್ಕೆ ಹರಡಿ, ಪಟ್ಟಿಗಳನ್ನು ಕೂರಿಸಿ, ಪಾಲಿಥೀನ್ ಹಾಸಿ ಮೇಲೆ ಮರಳಿನ ಚೀಲಗಳನ್ನಿಡಿ. ಸ್ಕ್ರೂ ಮತ್ತೆ ಬೇಡವೇ ಬೇಡ.

ಸಂದು 5 ಮಿ.ಮೀ. ಅಗಲ, ಅಷ್ಟೇ ಆಳ ಇರಲಿ. ತಳದಲ್ಲಿ ಅಂಟು ಹಿಡಿಯದ ತೆಳು ಟೇಪ್ ಹಾಸುವುದನ್ನು ಮರೆಯಬೇಡಿ. ರಬ್ಬರು ಎರಡು ಪಕ್ಕಗಳಿಗೆ ಮಾತ್ರ ಹಿಡಿದಿದ್ದರೆ ಮರ ಹಿಗ್ಗಿ ಕುಗ್ಗುವಾಗ ತಾನೂ ಹಿಗ್ಗುತ್ತದೆ. ತಳಕ್ಕೂ ಹಿಡಿದರೆ ಪಕ್ಕದಲ್ಲಿ ಸೀಳುತ್ತದೆ. ತೇಗದ ಡೆಕ್ಕಿಗೆಂದೇ ಮಾಡಿದ ಸೀಲಂಟ್, ಅಂದರೆ ಸಂದು ತುಂಬುವ ರಬ್ಬರು, ಬಳಸಿ, ಮಾಮೂಲಿ ಸಿಲಿಕೋನ್ ಬೇಡ. ಅದರ ಶೇಷ ಉಳಿದ ಕಡೆ ಮುಂದೆ ಯಾವ ಅಂಟೂ ನಿಲ್ಲದು. ನಳಿಕೆಯ ತುದಿಯನ್ನು ತಳಕ್ಕೆ ತಾಗಿಸಿ, ಗಾಳಿ ಸಿಕ್ಕಿಕೊಳ್ಳದಂತೆ ಕೊಂಚ ಉಕ್ಕುವಷ್ಟು ತುಂಬಿ. ತಯಾರಕರು ಹೇಳಿದಷ್ಟು ದಿನ ಪೂರ್ತಿ ಕಾಯಿರಿ, ಬೇಗ ಉಜ್ಜಿದರೆ ರಬ್ಬರು ಕಿತ್ತು ಬರುತ್ತದೆ. ನಂತರ 80, 120ರಲ್ಲಿ ಉಜ್ಜಿದರೆ ಸಾಕು. ಇನ್ನೂ ನುಣುಪಾದರೆ ಕಾಲು ಜಾರುತ್ತದೆ.

ಸುತ್ತಲಿನ ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸಿನ ಹೊಳಪಿನ ಹೊರಪದರ, ಮಂಕಾಗಿದ್ದರೆ ಮೊದಲು ಹಳೆಯ ಮೇಣ ತೆಗೆದು, ಆಮೇಲೆ ಪಾಲಿಶ್ ಮಾಡಿ. ಬಿರುಕುಗಳನ್ನು ‘ವಿ’ ಆಕಾರದಲ್ಲಿ ತೆರೆದು ಜೆಲ್‌ಕೋಟ್ ತುಂಬಿ. ಗಾಳಿ ತಾಗಿದರೆ ಮೇಲ್ಮೈ ಜಿಗುಟಾಗಿಯೇ ಉಳಿಯುವುದರಿಂದ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಗಟ್ಟಿಯಾದ ಮೇಲೆ ನೀರು ಹಾಕಿಕೊಂಡು 400ರಿಂದ 1000ದವರೆಗೆ ಉಜ್ಜಿ. ಎಪಾಕ್ಸಿ ತುಂಬಿದ ತೂತು ತೇಗದ ಆಚೆ ಬಂದರೆ ಅಲ್ಲಿಗೆ ಪೇಂಟ್ ಉತ್ತಮ, ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಅದೇ ಜಾಗದಲ್ಲಿ ಬಿರುಕು ಮತ್ತೆ ಬಂದರೆ ಕೆಳಗಿನ ಪದರ ಬಾಗುತ್ತಿದೆ, ಅದಕ್ಕೆ ಒಳಗಿನಿಂದ ಆಸರೆ ಕೊಡಬೇಕು.

ಇನ್ನು ಮುಂದೆ ಹೊಸ ತೇಗಕ್ಕೆ ಬೇಕಾದದ್ದು ಮೃದುವಾದ ಬ್ರಷ್, ಉಪ್ಪುನೀರು. ಎಳೆಗೆ ಅಡ್ಡವಾಗಿ ಉಜ್ಜಿ. ಎಳೆಯ ಉದ್ದಕ್ಕೆ ಉಜ್ಜಿದರೆ ಮೆತ್ತನೆಯ ಭಾಗ ಕೊರೆದುಹೋಗಿ ಗೆರೆ ಬೀಳುತ್ತದೆ. ಒತ್ತಡದ ನೀರಿನ ಯಂತ್ರವೂ ಆಮ್ಲದ ಕ್ಲೀನರೂ ಮಾಡುವುದು ಅದೇ ಹಾನಿ. ಬೂದುಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಒಳಗಿನ ಮರಕ್ಕೆ ಏನೂ ಆಗಿರುವುದಿಲ್ಲ.