ವಹಿಯಲ್ಲಿ ದನದ ಕೊಟ್ಟಿಗೆ, ಎದುರಿಗೆ ಕಲ್ಯಾಣ ಮಂಟಪ

(ಮಂಡ್ಯದ ಕಾಲೇಜೊಂದರ ಅರ್ಥಶಾಸ್ತ್ರ ಸಂಘದಲ್ಲಿ ನಿವೃತ್ತ ಪಂಚಾಯಿತಿ ಕಾರ್ಯದರ್ಶಿಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮೇಡಂ ನನ್ನ ಪರಿಚಯ ಮಾಡುವಾಗ ‘ಆರ್ಥಿಕ ಚಿಂತಕರು’ ಅಂದರು. ಅದು ಅವರ ದೊಡ್ಡತನ. ನಾನು ಮದ್ದೂರು ತಾಲ್ಲೂಕಿನಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಮಾರ್ಚ್ ಬಂತು, ವಸೂಲಿ ಆಗಿಲ್ಲ ಅಂತ ಬೇಕಾದಷ್ಟು ಚಿಂತೆ ಮಾಡಿದ್ದೇನೆ. ಚಿಂತಕ ಅಂತ ಯಾರೂ ಕರೆದಿರಲಿಲ್ಲ.

ಬ್ಯಾನರ್ ಮೇಲೆ ವಿಷಯ ಉದ್ದಕ್ಕೆ ಬರೆಸಿದ್ದೀರಿ. ಉದ್ಯೋಗ, ಸ್ಥಳೀಯ ಸರ್ಕಾರದ ಆದಾಯ, ಅದನ್ನು ರೂಪಿಸುವ ಅಂಶಗಳು. ನಾನೂ ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಊಟಕ್ಕೆ ಮುಂಚೆ ಮುಗಿಸಬೇಕಂತೆ, ನೋಡೋಣ.

ಮೊದಲು ಒಂದು ಕೈ ಎತ್ತಿಸುವ ಕೆಲಸ. ನಿಮ್ಮಲ್ಲಿ ಯಾರ ಮನೆಯಿಂದ ಅಮ್ಮನೋ ಅಕ್ಕನೋ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ? ಅಬ್ಬಾ, ಅರ್ಧ ಹಾಲ್ ಇದೆ. ಸರಿ, ಇಳಿಸಿ. ನಿಮ್ಮ ಮನೆ ಕಂದಾಯ ವರ್ಷಕ್ಕೆ ಎಷ್ಟು ಅಂತ ಎಷ್ಟು ಜನಕ್ಕೆ ಗೊತ್ತು? ಇಬ್ಬರು. ಒಬ್ಬರು ಮೇಷ್ಟ್ರು, ಅವರನ್ನು ಲೆಕ್ಕಕ್ಕೆ ಹಿಡಿಯೋದು ಬೇಡ.

ಈ ಎರಡು ಪ್ರಶ್ನೆಗೂ ಸಂಬಂಧ ಇರಬೇಕಿತ್ತು. ನಮ್ಮಲ್ಲಿ ಅದನ್ನು ಕತ್ತರಿಸಿ ಇಟ್ಟಿದ್ದಾರೆ. ನಾನು ಹೇಳಬೇಕಾಗಿರುವುದು ಇದೊಂದೇ.

ನಮ್ಮ ಹಿರಿಯರ ಕಾಲದಲ್ಲಿ ಆ ಸಂಬಂಧ ಕಣ್ಣಿಗೆ ಕಾಣುತ್ತಿತ್ತು. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಆಮೇಲೆ ನಾಲೆ ಬಂತು. ರಾಗಿ, ಹುರುಳಿ ಬೆಳೀತಿದ್ದ ಹೊಲಕ್ಕೆ ಕಬ್ಬು ಬಂತು. 1933ರಲ್ಲಿ ಸಕ್ಕರೆ ಕಂಪನಿ. 1939ರಲ್ಲಿ ಮಂಡ್ಯ ಜಿಲ್ಲೆ. ನೋಡಿ, ಕೆಲಸ ಮುಂದೆ ಬಂತು, ಅದರ ಹಿಂದೆ ಸರ್ಕಾರ ಬಂತು. ಹಳ್ಳಿಯಲ್ಲಿ ಕಂದಾಯ ವಸೂಲಿ ಆಗುತ್ತಿದ್ದುದೂ ಕಬ್ಬಿನ ದುಡ್ಡು ಕೈಗೆ ಬಂದಾಗಲೇ. 2002ರಲ್ಲಿ ಕಾವೇರಿ ಗಲಾಟೆ, ಬರ ಎರಡೂ ಒಟ್ಟಿಗೆ ಬಂದವಲ್ಲ, ಆ ವರ್ಷ ನಾನು ರಸೀತಿ ಪುಸ್ತಕ ಹಿಡಿದು ಬೀದಿಗೆ ಹೋದರೆ ಜನ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಕೂರಿಸಿ ಕಾಫಿ ಕೊಡುತ್ತಿದ್ದರು. ಅದೇ ಕಷ್ಟ. ಕಾಫಿ ಕುಡಿದ ಮೇಲೆ ಕೇಳೋಕೆ ಬಾಯಿ ಬರಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆ. ಸುಂಕದವನೂ ಅದೇ ಊರಿನವನಾದರೆ ಏನಾಗುತ್ತದೆ ಅಂತ ಗಾದೆ ಮಾಡಿದವರು ಯೋಚನೆ ಮಾಡಿಲ್ಲ.

ಈಗ ಆ ಕಲ್ಯಾಣ ಮಂಟಪದ ವಿಷಯ. ಇದನ್ನು ಹೇಳದೆ ನಾನು ಎಲ್ಲೂ ಮಾತು ಮುಗಿಸಿಲ್ಲ.

1998. ನಾನು ಹೊಸದಾಗಿ ಒಂದು ಪಂಚಾಯಿತಿಗೆ ಹೋದೆ. ಡಿಸಿಬಿ ವಹಿ ತೆಗೆದು ನೋಡಿದೆ. ಬೇಡಿಕೆ, ವಸೂಲಿ, ಬಾಕಿ. ಎಲ್ಲರ ಹೆಸರಿನ ಮುಂದೆಯೂ ಬಾಕಿ. ಒಬ್ಬರ ಹೆಸರಿನ ಮುಂದೆ ಮಾತ್ರ ಸೊನ್ನೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರವೇ ಬಂದು ಕಟ್ಟಿದ್ದಾರೆ, ಒಂದು ವರ್ಷವೂ ತಪ್ಪಿಸಿಲ್ಲ. ಇಂಥ ಪುಣ್ಯಾತ್ಮನನ್ನು ನೋಡಲೇಬೇಕು ಅನ್ನಿಸಿತು. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆದುಕೊಂಡು ಹೊರಟೆ. ವಹಿಯಲ್ಲಿ ಇದ್ದದ್ದು ಹೀಗೆ: ಮಣ್ಣಿನ ಗೋಡೆ, ನಾಡಹೆಂಚು, ದನದ ಕೊಟ್ಟಿಗೆ, ಕಂದಾಯ 18 ರೂಪಾಯಿ.

ಹೋಗಿ ನೋಡಿದರೆ ಕಲ್ಯಾಣ ಮಂಟಪ! ಮುಂದೆ ಎರಡು ಸಿಮೆಂಟ್ ಆನೆ. ಕೆಳಗೆ ಮದುವೆ ಹಾಲ್, ಮೇಲೆ ಊಟದ ಹಾಲ್, ಪಕ್ಕದಲ್ಲಿ ಡಬಡಬ ಅಂತ ಜನರೇಟರ್. ಒಳಗೆ ನಾಮಕರಣವೋ ಏನೋ ನಡೀತಿತ್ತು. ಹಿತ್ತಿಲಲ್ಲಿ ಪಾತ್ರೆ ತೊಳೆದ ನೀರು ಬೀದಿ ಚರಂಡಿಗೆ ಬೀಳುತ್ತಿತ್ತು. ಚರಂಡಿ ತುಂಬಿ ರಸ್ತೆಗೆ ಬಂದಿತ್ತು. ಅನ್ನದ ಅಗುಳು, ಬಾಳೆ ಎಲೆ, ನಾಲ್ಕು ನಾಯಿ. ನಾನು ವಹಿ ನೋಡಿದೆ, ಆನೆ ನೋಡಿದೆ, ಮತ್ತೆ ವಹಿ ನೋಡಿದೆ. ನೀರುಗಂಟಿ ಅಂದ, ‘ಕೊಟ್ಟಿಗೆ ಅಂತ ಬರ್ದಿರದು ಪೂರಾ ಸುಳ್ಳಲ್ಲ ಸಾ. ಆನೆಗಳವಲ್ಲ.’

ಯಜಮಾನರು ಒಳ್ಳೆಯವರು. ಎಲೆ ಹಾಕಿಸಿ ಪಾಯಸ ಬಡಿಸಿದರು. ವಿಷಯ ತೆಗೆದೆ. ‘ವಹಿಲಿ ಏನದೆಯೋ ಅದ ಕಟ್ಟಿವ್ನಿ, ಬಾಕಿ ಇಟ್ಟಿದ್ರೆ ಹೇಳಿ’ ಅಂದರು. ಬಾಕಿ ಎಲ್ಲಿಂದ ಬರಬೇಕು? ಹದಿನೆಂಟು ರೂಪಾಯಿ ಕೊಟ್ಟು ರಸೀತಿ ಇಟ್ಟುಕೊಂಡವನ ಹತ್ತಿರ ಕಾನೂನು ಇದೆ. ನನ್ನ ಹತ್ತಿರ ಕಣ್ಣು ಮಾತ್ರ ಇತ್ತು.

ಗ್ರಾಮಸಭೆಗೆ ತಂದೆವು. ಅಲ್ಲಿ ಅವರು ಎದ್ದು ನಿಂತು ಒಂದು ಮಾತು ಕೇಳಿದರು. ನಿಮ್ಮ ಪಠ್ಯಪುಸ್ತಕದಲ್ಲಿ ಇರೋದೂ ಅದೇ ಪ್ರಶ್ನೆ. ‘ಅಡುಗೆಯೋರು, ಬಡಿಸೋರು, ವಾಲಗದೋರು, ಕಸ ಗುಡಿಸೋರು, ಮೂವತ್ತು ಜನಕ್ಕೆ ಕೆಲ್ಸ ಕೊಟ್ಟಿವ್ನಿ. ಪಂಚಾಯ್ತಿ ಎಷ್ಟು ಜನಕ್ಕೆ ಕೊಟ್ಟದೆ? ನೀವೇ ನನಗೆ ಕೊಡಬೇಕು.’ ಸಭೆ ತಣ್ಣಗಾಯಿತು. ಅಧ್ಯಕ್ಷರು ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ.

ಹಿಂದಿನಿಂದ ನಮ್ಮ ನೀರುಗಂಟಿ ಎದ್ದ. ಹೆಗಲ ಮೇಲೆ ಟವಲ್, ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ. ‘ಒಬ್ಬಂಗೆ ಕೊಟ್ಟದೆ ಸ್ವಾಮಿ. ನನಗೆ. ಸಂಬಳ ಬಂದು ಏಳು ತಿಂಗಳಾಯ್ತು. ಮದುವೆ ದಿನ ನಿಮ್ಮ ಟ್ಯಾಂಕ್‌ಗೆ ಬೆಳಗಿನ ಜಾವ ನಾಲ್ಕಕ್ಕೆ ನೀರು ಬಿಡೋನು ನಾನೇ ಅಲ್ವಾ?’

ಅಷ್ಟೇ. ಕೂತುಬಿಟ್ಟ.

ಚೌಕಾಶಿ ನಡೆಯಿತು. ಅಳತೆ ಆಯಿತು, ಮತ್ತೆ ಅಳತೆ ಆಯಿತು. ಕೊನೆಗೆ ವರ್ಷಕ್ಕೆ 2,400 ರೂಪಾಯಿಗೆ ನಿಂತಿತು. ಮೊದಲ ವರ್ಷದ ದುಡ್ಡಿನಲ್ಲಿ ನೀರುಗಂಟಿಯ ಬಾಕಿ ಸ್ವಲ್ಪ ತೀರಿಸಿದೆವು. ಇನ್ನೊಂದು ಆಯಿತು, ಅದನ್ನು ನಾನು ಎಣಿಸಿರಲಿಲ್ಲ. 18 ಕಟ್ಟುವಾಗ ಬಾಯಿ ಬಿಡದ ಯಜಮಾನರು 2,400 ಕಟ್ಟಿದ ಮೇಲೆ ವಾರಕ್ಕೊಂದು ಸಲ ಆಫೀಸಿಗೆ ಬರೋಕೆ ಶುರು ಮಾಡಿದರು. ಚರಂಡಿ ಯಾವಾಗ, ಬೀದಿದೀಪ ಯಾಕಿಲ್ಲ. ನನಗೆ ತಲೆನೋವು. ಊರಿಗೆ ಚರಂಡಿ.

ಕಥೆ ಜಾಸ್ತಿ ಆಯಿತು ಅಂತ ಮೇಡಂ ಗಡಿಯಾರ ನೋಡುತ್ತಿದ್ದಾರೆ. ಎರಡನೇ ಅಂಶಕ್ಕೆ ಬರುತ್ತೇನೆ.

ರಿಸರ್ವ್ ಬ್ಯಾಂಕು 2024ರಲ್ಲಿ ದೇಶದ ಪಂಚಾಯಿತಿಗಳ ಹಣಕಾಸಿನ ಬಗ್ಗೆ ಒಂದು ವರದಿ ತಂದಿತು. ಪಂಚಾಯಿತಿಗೆ ಬರುವ ನೂರು ರೂಪಾಯಿಯಲ್ಲಿ ಸುಮಾರು 80 ಕೇಂದ್ರದ ಅನುದಾನ, 15 ರಾಜ್ಯದ್ದು. ಸ್ವಂತ ತೆರಿಗೆ ಒಂದು ರೂಪಾಯಿ ಆಸುಪಾಸು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದು ಮೂವತ್ತು ವರ್ಷ ದಾಟಿದ ಮೇಲಿನ ಲೆಕ್ಕ ಇದು. ಆ ಅನುದಾನವನ್ನಾದರೂ ಬೇಕಾದ ಹಾಗೆ ಖರ್ಚು ಮಾಡಬಹುದಾ? 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಕೊಟ್ಟಿದ್ದರಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಅಂತ ಗಂಟು ಹಾಕಿತ್ತು. ತಪ್ಪು ಅನ್ನಲ್ಲ. ಆದರೆ ಮಾವನ ಮನೆಯಿಂದ ಬಂದ ದುಡ್ಡಿನಲ್ಲಿ ಅಳಿಯ ಏನು ತರಬೇಕು ಅಂತಲೂ ಮಾವನೇ ಹೇಳಿದ ಹಾಗೆ.

ಇನ್ನು ನಾವು ವಸೂಲಿ ಮಾಡಿದ್ದೆಲ್ಲ ನಮ್ಮದಾ? ಅದೂ ಅಲ್ಲ. ನಿಮ್ಮ ರಸೀತಿ ತೆಗೆದು ನೋಡಿ. ಗ್ರಂಥಾಲಯ ಕರ 6 ಪರ್ಸೆಂಟ್, ಭಿಕ್ಷುಕರ ಕರ 3 ಪರ್ಸೆಂಟ್. ಅವನ್ನು ವಸೂಲಿ ಮಾಡಿ ಮೇಲಕ್ಕೆ ಕಳಿಸಬೇಕು. ಒಬ್ಬ ಅಜ್ಜಿ ಎಲೆಅಡಿಕೆ ಚೀಲದಿಂದ ಚಿಲ್ಲರೆ ಎಣಿಸಿ ಕೊಟ್ಟು ಕೇಳಿದಳು, ‘ಭಿಕ್ಷುಕರದು ಅಂತ ಬರ್ದೀಯಲ್ಲ ಮಗ, ಅದ ನನಗೇ ಕೊಡು, ಮನೇಲೇ ಇವ್ನಿ.’

ಈಗ ನನ್ನ ಇನ್ನೂರು ರೂಪಾಯಿ. ಇದನ್ನು ಹೇಳೋಕೇ ಬಂದಿದ್ದು.

ಸಂಬಳದ ಚೀಟಿಯಲ್ಲಿ ‘ಪಿ.ಟಿ.’ ಅಂತ ಇರುತ್ತದೆ, ವೃತ್ತಿ ತೆರಿಗೆ. 25 ಸಾವಿರ ಮತ್ತು ಅದಕ್ಕಿಂತ ಹೆಚ್ಚು ಸಂಬಳ ಇದ್ದರೆ ತಿಂಗಳಿಗೆ ಇನ್ನೂರು. ಈಗ ಫೆಬ್ರವರಿಗೆ ಮಾತ್ರ ಮುನ್ನೂರು ಮಾಡಿದ್ದಾರೆ. ಇರೋದರಲ್ಲೇ ಚಿಕ್ಕ ತಿಂಗಳಿಗೆ ದೊಡ್ಡ ತೆರಿಗೆ! ಯಾಕೆ ಅಂದರೆ ಸಂವಿಧಾನದ 276ನೇ ವಿಧಿಯಲ್ಲಿ ವರ್ಷಕ್ಕೆ 2,500ಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಆ ಮಿತಿಗೆ ಸರಿ ಮಾಡಿದ್ದಾರೆ. ಮಿತಿ ನಿಗದಿ ಆಗಿದ್ದು 1988ರಲ್ಲಿ, ನಿಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಅವತ್ತಿನ ಎರಡೂವರೆ ಸಾವಿರ ಎಲ್ಲಿ, ಇವತ್ತಿನದು ಎಲ್ಲಿ.

ಅದಿರಲಿ. ಆ ದುಡ್ಡು ಯಾರಿಗೆ ಹೋಗುತ್ತದೆ? ಕೇರಳದಲ್ಲಿ, ತಮಿಳುನಾಡಿನಲ್ಲಿ ವೃತ್ತಿ ತೆರಿಗೆ ಪಂಚಾಯಿತಿಗೆ, ಪುರಸಭೆಗೆ ಹೋಗುತ್ತದೆ. ನಮ್ಮಲ್ಲಿ 1976ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರವೇ ವಸೂಲಿ ಮಾಡುತ್ತದೆ. ನಾನು ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಕೂತು, ಅಲ್ಲಿನ ನೀರು ಕುಡಿದು, ಅಲ್ಲಿನ ರಸ್ತೆಯಲ್ಲಿ ಸೈಕಲ್ ತುಳಿದು ದುಡಿದೆ. ನನ್ನ ಇನ್ನೂರು ಬೆಂಗಳೂರಿಗೆ ಹೋಯಿತು. ನನ್ನ ನೀರುಗಂಟಿಗೆ ಸಂಬಳ ಇಲ್ಲ.

ಅಲ್ಲಿ ಒಬ್ಬ ಹುಡುಗ ತಲೆ ಅಲ್ಲಾಡಿಸುತ್ತಿದ್ದಾನೆ. ಏನಪ್ಪ? ಗಾರ್ಮೆಂಟ್ಸ್‌ನಲ್ಲಿ ಅಷ್ಟು ಸಂಬಳ ಬರಲ್ಲ ಅಂತೀಯಾ? ಸರಿಯಾದ ಮಾತು. ನಿಮ್ಮ ಅಕ್ಕನಿಂದ ಇನ್ನೂರು ತಗೋ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಮ್ಯಾನೇಜರು, ಶಾಲೆ ಮೇಷ್ಟ್ರು, ಬ್ಯಾಂಕಿನವರು, ಡೈರಿಯವರು ಈಗಾಗಲೇ ಕಟ್ಟುತ್ತಿದ್ದಾರಲ್ಲ, ಅದು ಎಲ್ಲಿಗೆ ಹೋಗಬೇಕು ಅನ್ನೋದು ನನ್ನ ಪ್ರಶ್ನೆ. ಪಂಚಾಯಿತಿ ಅಧ್ಯಕ್ಷರ ಜಾಗದಲ್ಲಿ ನಿಂತು ನೋಡಿ. ಊರಿಗೆ ಒಂದು ಫ್ಯಾಕ್ಟರಿ ಬರುತ್ತದೆ. ಒಳಗೆ ಐನೂರು ಹೆಣ್ಣುಮಕ್ಕಳು ದುಡಿದರೂ ಅಷ್ಟೇ, ಬರೀ ಮಿಷನ್ ಓಡಿದರೂ ಅಷ್ಟೇ, ಪಂಚಾಯಿತಿಗೆ ಬರೋದು ಕಟ್ಟಡದ ಕಂದಾಯ ಮಾತ್ರ. ಆದರೆ ಐನೂರು ಜನ ಬಂದರೆ ನೀರು ಬೇಕು, ಬಾಡಿಗೆ ಮನೆ ಬೇಕು, ಕಸ ಆಗುತ್ತದೆ. ಅಧ್ಯಕ್ಷರಿಗೆ ಮಿಷನ್ನೇ ವಾಸಿ ಅಲ್ವಾ? ಊರಿಗೆ ಕೆಲಸ ಬಂದರೆ ಊರಿನ ಸರ್ಕಾರಕ್ಕೆ ಖರ್ಚು ಮಾತ್ರ ಬರುವ ಹಾಗೆ ಮಾಡಿಟ್ಟು, ಆಮೇಲೆ ಹಳ್ಳಿಯಲ್ಲಿ ಉದ್ಯೋಗ ಸೃಷ್ಟಿ ಅಂತ ಭಾಷಣ ಮಾಡಿದರೆ ಆಗುತ್ತದಾ?

ಆಲೆಮನೆಗೆ ಹೋಗಿ ನೋಡಿ. ಬೆಳಗಿನ ಜಾವ ಒಲೆ ಬಾಯಿಗೆ ಕಬ್ಬಿನ ಸಿಪ್ಪೆ ತುರುಕುತ್ತಾ ಕೂತಿರುವ ಹುಡುಗನನ್ನು ಮಾತಾಡಿಸಿ, ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಉತ್ತರ ಪ್ರದೇಶದವನು. ಕೊಪ್ಪರಿಗೆ ಪಕ್ಕದ ಶೆಡ್ಡಿನಲ್ಲಿ ಮಲಗುತ್ತಾನೆ. ನಮ್ಮ ಹುಡುಗ ಅದೇ ಹೊತ್ತಿಗೆ ಬೆಂಗಳೂರಿನ ರೈಲಿನಲ್ಲಿ ನಿಂತಿರುತ್ತಾನೆ. ಅವನು ಇಲ್ಲಿಗೆ, ಇವನು ಅಲ್ಲಿಗೆ. ಇಬ್ಬರ ದುಡಿಮೆಯ ಕಾಸೂ ಪಂಚಾಯಿತಿ ವಹಿಗೆ ಬರಲ್ಲ. ನಮ್ಮ ಹುಡುಗರು ಆಲೆಮನೆಗೆ ಯಾಕೆ ಹೋಗಲ್ಲ ಅನ್ನೋದು ಬೇರೆ ಉಪನ್ಯಾಸ. ಮದುವೆಗೆ ಹೆಣ್ಣು ಸಿಗಲ್ಲ ಅನ್ನೋದರಿಂದ ಶುರು ಮಾಡಬೇಕಾಗುತ್ತದೆ.

ಚೀಟಿ ಬಂತು. ಹತ್ತು ನಿಮಿಷ ಅಂತಿದೆ. ಐದು ಅಂತ ಓದಿಕೊಳ್ಳುತ್ತೇನೆ.

ಮೂರನೆಯದು ರಸ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆಯಿತು, ನಮ್ಮ ಗೆಜ್ಜಲಗೆರೆಯಲ್ಲೇ. ಒಳ್ಳೆಯದು, ಸಮಯ ಉಳಿಯಿತು. ಆದರೆ ಕಾರು ಮದ್ದೂರಿನ ಹೊರಗಿಂದ ಹೋಗುತ್ತದೆ. ಹಳೇ ರಸ್ತೆ ಪಕ್ಕ ಹೋಟೆಲ್, ಎಳನೀರು, ಪಂಚರ್ ಅಂಗಡಿ ಇಟ್ಟುಕೊಂಡವರಿಗೆ ವ್ಯಾಪಾರ ಬಿತ್ತು. ನಾನು ದಿನಾ ಕಾಫಿ ಕುಡಿಯುತ್ತಿದ್ದ ಹೋಟೆಲಿನಲ್ಲಿ ಒಂಬತ್ತು ಜನ ಕೆಲಸಕ್ಕಿದ್ದರು, ಈಗ ಮೂರು. ವಡೆ ಅದೇ ರುಚಿ, ತಿನ್ನೋಕೆ ಜನ ಇಲ್ಲ. ಗಣಂಗೂರಿನಲ್ಲಿ ಟೋಲ್ ಎತ್ತುತ್ತಾರೆ, ಅದು ಹೆದ್ದಾರಿ ಪ್ರಾಧಿಕಾರಕ್ಕೆ. ಹಿಂದೆ ಊರಬಾಗಿಲಲ್ಲಿ ಪುರಸಭೆಯೇ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಸುಂಕ, ಎತ್ತುತ್ತಿತ್ತು. 1979ರಲ್ಲಿ ಅದು ಹೋಯಿತು. ಹೋಗಿದ್ದೇ ಒಳ್ಳೆಯದು, ಗಾಡಿ ನಿಲ್ಲಿಸಿ ಕಾಸು ಕೇಳೋದು ವ್ಯಾಪಾರಕ್ಕೆ ಪೆಟ್ಟು. ಈಗ ಗಾಡಿ ನಿಲ್ಲಿಸೋದೂ ಇದೆ, ಕಾಸು ಕೇಳೋದೂ ಇದೆ, ಪುರಸಭೆ ಮಾತ್ರ ಇಲ್ಲ.

ನಾಲ್ಕನೆಯದು ಹೊಲದಲ್ಲಿ ಅನುಮತಿ ಇಲ್ಲದೆ ಮಾಡಿದ ರೆವಿನ್ಯೂ ಸೈಟು, ಅದಕ್ಕೆ ಪಂಚಾಯಿತಿಯ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಕೊಡುವ 11ಬಿ ನಮೂನೆ. ಅದನ್ನು ಎತ್ತಿದರೆ ಊಟಕ್ಕೆ ಬದಲು ಸಂಜೆ ಕಾಫಿಯೇ ಗತಿ. ಬಿಡುತ್ತೇನೆ. ಐದನೆಯದು ಉದ್ಯೋಗ ಖಾತ್ರಿ. ಅದರ ಬಗ್ಗೆ ನಿಮ್ಮ ಮೇಡಂ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ.

ನಿಮಗೊಂದು ಕೆಲಸ ಕೊಡುತ್ತೇನೆ. ಪ್ರಾಜೆಕ್ಟು ಅಂತಲೇ ಬರೆದುಕೊಳ್ಳಿ. ಊರಿಗೆ ಹೋದಾಗ ಪಂಚಾಯಿತಿಯಲ್ಲಿ ನಿಮ್ಮ ಮನೆಯನ್ನು ಏನು ಅಂತ ಬರೆದಿದ್ದಾರೆ ಕೇಳಿ. ನಾನೂ ನಿವೃತ್ತಿ ಆದ ಮೇಲೆ ಹೋಗಿ ಕೇಳಿದೆ. ಇದನ್ನು ಹೇಳಬಾರದು ಅಂತಿದ್ದೆ. ಹೇಳಿಬಿಡುತ್ತೇನೆ. ನಮ್ಮ ಮನೆ ಮೇಲೆ ನಾನು 2011ರಲ್ಲಿ ಒಂದು ಮಹಡಿ ಕಟ್ಟಿಸಿದ್ದೆ, ಬಾಡಿಗೆಗೂ ಕೊಟ್ಟಿದ್ದೆ. ವಹಿಯಲ್ಲಿ ಮಹಡಿಯೇ ಇಲ್ಲ! ಇಷ್ಟು ವರ್ಷ ಊರೂರು ಸುತ್ತಿ ಆನೆ ಹುಡುಕಿದವನು ನಾನು. ಅರ್ಜಿ ಬರೆದುಕೊಟ್ಟೆ. ಅಲ್ಲಿನ ಹುಡುಗ ಅರ್ಜಿ ಓದಿ, ‘ಸಾರ್, ಕಂದಾಯ ಕಡಿಮೆ ಮಾಡಿ ಅಂತ ಅಲ್ವಾ?’ ಅಂತ ಎರಡು ಸಲ ಕೇಳಿದ. ಅಲ್ಲಪ್ಪ, ಜಾಸ್ತಿ ಮಾಡಿ ಅಂತ ಅಂದೆ. ಅದಕ್ಕೆ ಯಾವ ನಮೂನೆ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ನೆನಪಾಗಲಿಲ್ಲ. ಅರ್ಜಿ ಇನ್ನೂ ಅಲ್ಲೇ ಇದೆ. ಮನೆಯಲ್ಲಿ ನಮ್ಮ ಯಜಮಾನಿಗೆ ವಿಷಯ ತಿಳಿದು ಮೂರು ದಿನ ಆಯಿತು. ಅದಕ್ಕೇ ಇವತ್ತು ಇಲ್ಲೇ ಊಟ ಮಾಡಿಕೊಂಡು ಹೋಗುತ್ತೇನೆ. ನಮಸ್ಕಾರ.