ನಷ್ಟಕ್ಕೆ ಅಂಜದೆ ಹೇಳಿದ ಕಥೆ

ಕೇಳುಗರಿಗೆಲ್ಲ ನಮಸ್ಕಾರ. ಬ್ರಿಟನ್ನಿನ ಕ್ರೀಡಾಪಟುಗಳ ಬದುಕನ್ನು ಕುರಿತ ಟೆಲಿವಿಷನ್ ಸಾಕ್ಷ್ಯಚಿತ್ರಗಳಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು: ನಿಜ ಹೇಳಿದರೆ ತಮಗೇ ನಷ್ಟವೆಂದು ಗೊತ್ತಿದ್ದೂ ಆಟಗಾರರು ಬಾಯಿಬಿಟ್ಟಿರುವ ಚಿತ್ರವನ್ನು ನೋಡಿ.

2022ರ ಜುಲೈನಲ್ಲಿ ಬಿಬಿಸಿ ಪ್ರಸಾರ ಮಾಡಿದ ಮೊ ಫರಾ ಅವರ ಚಿತ್ರ ಅಂಥದ್ದು. 2012ರ ಲಂಡನ್ ಮತ್ತು 2016ರ ರಿಯೊ, ಎರಡೂ ಒಲಿಂಪಿಕ್ಸ್‌ಗಳಲ್ಲಿ 5,000 ಮತ್ತು 10,000 ಮೀಟರ್ ಓಟಗಳ ಚಿನ್ನ ಗೆದ್ದು ‘ಸರ್’ ಎನಿಸಿಕೊಂಡ ಈ ಓಟಗಾರರು, ಜಗತ್ತಿಗೆ ಗೊತ್ತಿರುವ ಹೆಸರು ತಮ್ಮದಲ್ಲವೆಂದೂ ಹುಟ್ಟಿದಾಗ ಇಟ್ಟ ಹೆಸರು ಹುಸೇನ್ ಅಬ್ದಿ ಕಾಹಿನ್ ಎಂದೂ ಅದರಲ್ಲಿ ತಿಳಿಸುತ್ತಾರೆ. ನಾಲ್ಕನೆಯ ವಯಸ್ಸಿನಲ್ಲಿ ಅಂತರ್ಯುದ್ಧಕ್ಕೆ ತಂದೆಯನ್ನು ಕಳೆದುಕೊಂಡಿದ್ದ ಆ ಸೊಮಾಲಿಲ್ಯಾಂಡಿನ ಹುಡುಗನನ್ನು, ಒಂಬತ್ತನೆಯ ವಯಸ್ಸಿನ ಸುಮಾರಿಗೆ, ಪರಿಚಯವೇ ಇಲ್ಲದ ಹೆಂಗಸೊಬ್ಬಳು ನೆರೆಯ ಜಿಬೂಟಿ ದೇಶದಿಂದ ಬೇರೊಂದು ಮಗುವಿನ ಹೆಸರಿನ ದಾಖಲೆಯ ಮೇಲೆ ಬ್ರಿಟನ್ನಿಗೆ ಕರೆತಂದಳು. ಬಂಧುಗಳ ವಿವರ ಬರೆದಿದ್ದ ಒಂದು ಚೀಟಿ ಮಾತ್ರ ಅವನ ಬಳಿ ಇತ್ತು. ಅದನ್ನು ಅವಳು ಅವನ ಕಣ್ಣೆದುರಿಗೇ ಹರಿದು ಕಸದ ಬುಟ್ಟಿಗೆ ಹಾಕಿದಳು. ಮುಂದೆ ಆ ಮನೆಯಲ್ಲಿ ಚಾಕರಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳು. ಶಾಲೆಗೆ ಹೋಗಲು ಬಿಟ್ಟದ್ದು ಹನ್ನೆರಡನೆಯ ವಯಸ್ಸಿನ ಹೊತ್ತಿಗೆ. ಆಟದ ಮೈದಾನದಲ್ಲಿ ಮಾತ್ರ ಈ ಹುಡುಗ ಗೆಲುವಾಗುತ್ತಾನೆ ಎಂಬುದನ್ನು ಗಮನಿಸಿದ ವ್ಯಾಯಾಮ ಶಿಕ್ಷಕ ಅಲನ್ ವಾಟ್ಕಿನ್ಸನ್ ಅವರಿಗೆ ಅವನು ಕೊನೆಗೆ ಎಲ್ಲವನ್ನೂ ಹೇಳಿಕೊಂಡ. ಅವರ ನೆರವಿನಿಂದಲೇ 2000ದಲ್ಲಿ ಪೌರತ್ವ ದೊರೆಯಿತು, ಆದರೆ ಆ ಎರವಲು ಹೆಸರಿನಲ್ಲಿ.

ದಯವಿಟ್ಟು ಇದನ್ನು ಗಮನಿಸಿ. ತಂದೆತಾಯಿಯ ಜೊತೆ ನಿರಾಶ್ರಿತನಾಗಿ ಬಂದೆ ಎಂದು ಫರಾ ಅದುವರೆಗೆ ಹೇಳುತ್ತಿದ್ದ ಹಳೆಯ ಕಥೆಯಿಂದ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ನಿಜ ಹೇಳಿದರೆ ಪೌರತ್ವವೇ ರದ್ದಾಗಬಹುದೆಂದು ವಕೀಲರು ಚಿತ್ರದಲ್ಲಿಯೇ ಎಚ್ಚರಿಸುತ್ತಾರೆ. ಆದರೂ ಹೇಳಿದರು. ಕ್ರಮ ಕೈಗೊಳ್ಳುವುದಿಲ್ಲ ಎಂದು ಬ್ರಿಟನ್ನಿನ ಗೃಹ ಇಲಾಖೆ ಸ್ಪಷ್ಟಪಡಿಸಿದ್ದು ಅನಂತರ.

ಸಮಯ ಮೀರುತ್ತಿರುವುದರಿಂದ ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. 2005ರ ಆಷಸ್ ಕ್ರಿಕೆಟ್ ಸರಣಿಯ ವೀರ ಆಂಡ್ರ್ಯೂ ಫ್ಲಿಂಟಾಫ್, ತಿಂದದ್ದನ್ನು ತಾವೇ ವಾಂತಿ ಮಾಡಿಕೊಳ್ಳುವ ಬುಲೀಮಿಯಾ ಕಾಯಿಲೆಯನ್ನು ಕುರಿತು 2020ರಲ್ಲಿ ಬಿಬಿಸಿಯ ಕ್ಯಾಮೆರಾದ ಮುಂದೆ ಮಾತನಾಡಿದರು. ಗಟ್ಟಿಮುಟ್ಟಾದ ವೇಗದ ಬೌಲರ್ ಎಂಬ ಹೆಸರಿದ್ದವರು ಹಾಗೆ ಮಾತನಾಡುವುದಕ್ಕೂ ಎದೆಗಾರಿಕೆ ಬೇಕು. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ಅವರನ್ನು ಕುರಿತ 2023ರ ನೆಟ್‌ಫ್ಲಿಕ್ಸ್ ಸರಣಿ ಸೊಗಸಾಗಿದೆ, ಆದರೆ ಅದರ ನಿರ್ಮಾಣದಲ್ಲಿ ಅವರದೇ ಕಂಪನಿಯ ಪಾಲಿದೆ. ಅದನ್ನು ಆಮೇಲೆ ನೋಡಿದರಾಯಿತು; ಮೊದಲು ಫರಾ ಅವರ ಚಿತ್ರವನ್ನು ನೋಡಿ, ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.